ಮಾಮಾ ನೋಡಿಟ್ಟ ನುಮಾಯಿಶಿ

ಹೈದರಾಬಾದಿನ ನುಮಾಯಿಶಿ ಎಂಬ ವರ್ಷಾವರಿ ವಸ್ತುಪ್ರದರ್ಶನವನ್ನು ಸಂಪೂರ್ಣವಾಗಿ ನೋಡಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬನಿದ್ದರೆ ಅದು ನಮ್ಮ ಮಾಮಾ, ಅಂದರೆ ನನ್ನ ತಾಯಿಯ ಅಣ್ಣ. ಸಂಪೂರ್ಣ ಎಂಬ ಶಬ್ದವನ್ನು ನಾನು ಅಳೆದು ತೂಗಿ ಬಳಸುತ್ತಿದ್ದೇನೆ. ಅಲ್ಲಿಯ ಒಂದು ಅಂಗಡಿಯನ್ನು, ಒಂದು ಡೇರೆಯನ್ನು, ಒಂದು ದೀಪದ ಕಂಬವನ್ನೂ ಅವರು ಬಿಡಲಿಲ್ಲ. ಹಾಗೆಯೇ ಒಂದೇ ಒಂದು ಆಟದ ಟಿಕೀಟನ್ನೂ ಕೊಳ್ಳಲಿಲ್ಲ!

ಜಿಪುಣರಿರಬೇಕು ಎಂದುಕೊಂಡಿರೇನು? ಅಷ್ಟು ಸರಳ ಮನುಷ್ಯರಾಗಿದ್ದರೆ ಅವರ ಮೇಲೆ ಪ್ರಬಂಧ ಬರೆಯುವ ಕಷ್ಟ ನನಗೇಕೆ? ಆ ದಿನ ಅವರ ಸೊಂಟದ ಚೀಲದಲ್ಲಿ ಇಡೀ ನುಮಾಯಿಶಿಯನ್ನು ಹತ್ತಿ ಇಳಿಯುವಷ್ಟು ರೊಕ್ಕವಿತ್ತು. ಇರದಿದ್ದದ್ದು ಹೊತ್ತು. ಅದು ಯಾಕೆ ಇರಲಿಲ್ಲ ಎಂಬುದೇ ಈ ಕಥೆ.

ಮಾಮಾ ಉದಗೀರದ ಮೊಂಢಾದಲ್ಲಿ ಅಡತಿ ದಲಾಲಿಯ ಅಂಗಡಿ ಇಟ್ಟವರು. ಮೊಂಢಾ ಅಂದರೆ ನಮ್ಮ ಕಡೆ ಧಾನ್ಯದ ಪೇಟೆ. ಸುತ್ತಲಿನ ರೈತರು ಬಂಡಿಯಲ್ಲಿ ಜೋಳ, ತೊಗರಿ ತಂದು ಅಡತಿಯವರ ಮುಂದೆ ರಾಶಿ ಹಾಕುತ್ತಾರೆ. ಕೊಳ್ಳುವವರು ಬಂದು ಭಾವ ಕಟ್ಟುತ್ತಾರೆ, ಬೆಲೆ ಹೇಳುತ್ತಾರೆ. ಆ ಪೇಟೆಗೆ ಎರಡು ಕಾಯಿದೆ. ನಿಜಾಮರು ಹೋದರು, ಪೋಲೀಸ್ ಆಕ್ಷನ್ ಆಯಿತು, ಕಚೇರಿಯ ಗೋಡೆಯ ಮೇಲಿನ ಫೋಟೋಗಳೆಲ್ಲ ಬದಲಾದವು. ಆದರೆ ಈ ಎರಡು ಕಾಯಿದೆಗೆ ಕೈ ಹಚ್ಚುವ ಧೈರ್ಯ ಯಾವ ಸರಕಾರಕ್ಕೂ ಆಗಲಿಲ್ಲ.

ಮೊದಲನೆಯ ಕಾಯಿದೆ: ಮೊದಲ ಸುತ್ತಿನಲ್ಲಿ ಎಲ್ಲ ರಾಶಿಗಳನ್ನೂ ಬರೀ ನೋಡಬೇಕು. ಹಿಡಿದ ಕಾಳು ಇಷ್ಟವಾಯಿತೆಂದು ಮುಖದ ಮೇಲೆ ತೋರಿಸಕೂಡದು. ಕೊಳ್ಳುವುದೇನಿದ್ದರೂ ಎರಡನೆಯ ಸುತ್ತಿನಲ್ಲಿ. "ಮೊದಲನೇ ರಾಶಿಗೇ ಕೈ ಹಾಕಿದಂವಾ ಗಿರಾಕಿ, ವ್ಯಾಪಾರಿ ಅಲ್ಲ" ಎಂದು ಮಾಮಾ ಹೇಳುತ್ತಿದ್ದರು. ಗಿರಾಕಿ ಎಂಬ ಶಬ್ದವನ್ನು ಅವರು ಉಚ್ಚರಿಸುವ ರೀತಿ ಕೇಳಿದರೆ ಅದು ಯಾವುದೋ ಚರ್ಮರೋಗದ ಹೆಸರೆನ್ನಬೇಕು.

ಎರಡನೆಯ ಕಾಯಿದೆ: ಭಾವವನ್ನು ಬಾಯಿಂದ ಆಡಕೂಡದು. ಇಬ್ಬರ ಕೈಗಳ ಮೇಲೆ ಒಂದು ಶಲ್ಯ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಮಾತಾಡಬೇಕು. ಒಪ್ಪಿದರೆ ಇಡೀ ಮುಷ್ಟಿ ಹಿಡಿದುಕೊಂಡೇ ಇರಬೇಕು. ಒಪ್ಪದಿದ್ದರೆ ಕೂಡಲೇ ಕೈ ಹೊರಗೆ ಎಳೆದುಕೊಳ್ಳಬೇಕು. ಶಲ್ಯದ ಕೆಳಗೆ ಹಿಡಿದ ಮುಷ್ಟಿಗೆ ಕಾಗದ ಬೇಕಿಲ್ಲ, ಸಾಕ್ಷಿ ಬೇಕಿಲ್ಲ. ಆ ಸವದಾ ಮುರಿದವನಿಗೆ ಮೊಂಢಾದಲ್ಲಿ ಕುಡಿಯಲು ನೀರು ಕೊಡುವವರೂ ಸಿಗುವುದಿಲ್ಲ.

ಇವು ಪೇಟೆಯ ಕಾಯಿದೆಗಳು. ಪೇಟೆಯಲ್ಲಿಯೇ ಬಿಟ್ಟು ಬಂದಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಮಾಮಾ ಅವನ್ನು ಚಪ್ಪಲಿಯ ಜೋಡಿಯಂತೆ ಮನೆಗೂ ಮೆಟ್ಟಿಕೊಂಡು ಬರುತ್ತಿದ್ದರು. "ಇವತ್ತ ಬದನಿಕಾಯಿ ಮಾಡ್ಲೋ, ಬ್ಯಾಳಿ ಮಾಡ್ಲೋ?" ಎಂದು ಮಾಮಾರ ಹೆಂಡತಿ, ನಮ್ಮ ಅತ್ತಿ, ಕೇಳಿದರೆ, ಮಾಮಾ ಗಂಭೀರವಾಗಿ ಶಲ್ಯದ ಸೆರಗು ಮುಂದೆ ಮಾಡುವರು. ಅತ್ತಿ ಹಿಟ್ಟು ನಾದುವ ಕೊಣಮಿಗೆಯಿಂದ ತಲೆ ಎತ್ತದೆ, "ನನ್ನ ಕೈಯಾಗ ಹಿಟ್ಟದ. ಬಾಯಿ ಬಿಟ್ಟು ಹೇಳ್ರಿ, ಬದನಿಕಾಯಿ ಭಾವೇನೂ ಏರಂಗಿಲ್ಲ" ಎನ್ನುವಳು. ಒಮ್ಮೆ ಜ್ವರ ಬಂದಾಗ ಡಾಕ್ಟರರು ನಾಡಿ ನೋಡಲೆಂದು ಮಣಿಕಟ್ಟು ಹಿಡಿದರು. ಮಾಮಾ ಕಣ್ಣು ಮುಚ್ಚಿಕೊಂಡೇ ಡಾಕ್ಟರರ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕೈ ಎಳೆದುಕೊಂಡು, "ಭಾಳ ಹೇಳ್ತಾರ" ಎಂದು ಮಗ್ಗುಲಾದರು.

ಮಗನಿಗೆ ಹೆಣ್ಣು ನೋಡಿದ್ದೂ ಇದೇ ಕಾಯಿದೆಯ ಪ್ರಕಾರ. ಉಮರ್ಗಾ, ಗುಂಜೋಟಿ, ತುರೋರಿ, ವಲಾಂಡಿ ಎಂದು ಊರೂರು ತಿರುಗಿ, ಒಂದು ಮನೆಯಲ್ಲೂ ಮುಖ ಸಡಿಲಿಸದೆ ಮೊದಲನೆಯ ಸುತ್ತು ಮುಗಿಸಿದರು. ಎರಡನೆಯ ಸುತ್ತಿಗೆ ಹೊರಡುವ ಹೊತ್ತಿಗೆ ಎಲ್ಲ ಹೆಣ್ಣುಮಕ್ಕಳ ಲಗ್ನವೂ ಬೇರೆ ಕಡೆ ಆಗಿಹೋಗಿತ್ತು, ಉಳಿದವಳು ವಲಾಂಡಿಯವಳೊಬ್ಬಳೇ. ಅವಳೇ ಸೊಸೆಯಾಗಿ ಬಂದಳು, ಬಂಗಾರದಂಥ ಹೆಣ್ಣುಮಗಳು. ಇದನ್ನು ಮಾಮಾ ತಮ್ಮ ಕಾಯಿದೆಯ ವಿಜಯವೆಂದು ಕೊನೆಯವರೆಗೂ ಸಾರಿದರು.

ಆ ಸೊಸೆಯ ಹಿರಿಯ ಮಗಳು ಕಸ್ತೂರಿ. ಮಾಮಾರ ಅಂಗಡಿಯ ಗೋಡೆಗೆ ಯಾರೋ ಬೆಲ್ಲದ ವ್ಯಾಪಾರಿ ಕೊಟ್ಟ ಕ್ಯಾಲೆಂಡರು ತೂಗಾಡುತ್ತಿತ್ತು. ಅದರಲ್ಲಿ ಬಣ್ಣಬಣ್ಣದ ಕಟ್ಟಿಗೆಯ ಕುದುರೆಗಳು ಸುತ್ತಲೂ ತಿರುಗುವ ಒಂದು ಆಟದ ಚಿತ್ರ. ವರ್ಷ ಮುಗಿದರೂ ಕಸ್ತೂರಿ ಅದನ್ನು ತೆಗೆಯಗೊಡಲಿಲ್ಲ. ಆರು ವರ್ಷದ ಹುಡುಗಿ, ದಿನಾ ಬಂದು ಅಜ್ಜನ ಗಾದಿಯ ಮೇಲೆ ಕೂತು, ಅಂಥ ಕುದುರೆ ಎಲ್ಲಿ ಸಿಗುತ್ತದೆ, ಹುಲ್ಲು ತಿನ್ನುತ್ತದೋ ಇಲ್ಲವೋ, ಬೀಳಿಸುತ್ತದೋ ಎಂದು ವಿಚಾರಣೆ ನಡೆಸುವಳು. ಒಂದು ಮಧ್ಯಾಹ್ನ ಮಾಮಾ ಶಲ್ಯ ಹಾಸಿದರು.

"ಬಾ ಇಲ್ಲಿ, ಸವದಾ ಮಾಡೂಣು. ಹೈದರಾಬಾದಿನಾಗ ನುಮಾಯಿಶಿ ಹತ್ತತದ. ಅಲ್ಲಿ ಅವ ಈ ಕುದುರಿ. ನಿನ್ನ ಕುಂಡ್ರಸ್ತೀನಿ. ಒಪ್ಪಿಗಿ ಅದನೋ ಇಲ್ಲೋ?"

ಕಸ್ತೂರಿ ಕೈ ಒಳಗೆ ಹಾಕಿದಳು. ಅಜ್ಜನ ಮುಷ್ಟಿ ಹಿಡಿಯುವಷ್ಟು ದೊಡ್ಡ ಕೈ ಎಲ್ಲಿಯದು? ಹೆಬ್ಬೆರಳೊಂದನ್ನೇ ಗಟ್ಟಿಯಾಗಿ ಹಿಡಿದು ಕೂತಳಂತೆ. ಅತ್ತಿ ಊಟಕ್ಕೆ ಕರೆದರೂ ಬಿಡಲಿಲ್ಲವಂತೆ. ಸವದಾ ಆಯಿತು.

ಪ್ರಯಾಣಕ್ಕೆ ನನಗೂ ಬುಲಾವು ಬಂತು. ನಾನು ನಿಲಂಗದಲ್ಲಿ ಶಾಲೆಯ ಮಾಸ್ತರ. ಮಕ್ಕಳನ್ನು ಕಾಯುವುದು ನನಗೆ ಹೊಸದಲ್ಲ ಎಂಬುದು ಮಾಮಾರ ನಂಬಿಕೆ. ನನ್ನ ಮಕ್ಕಳಿಬ್ಬರು, ಕಸ್ತೂರಿ, ಅವಳ ತಮ್ಮ, ಹೀಗೆ ನಾಲ್ಕು ಮಕ್ಕಳ ತಂಡ. ಹೊರಡುವ ಸಂಜೆ ಮಾಮಾ ನಾಲ್ವರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಬೆನ್ನು ಈ ಕಡೆ ಮಾಡಿಸಿ, ಚೀಲಗಳ ಮೇಲೆ ಹಾಕುವ ತಮ್ಮ ಅಂಗಡಿಯ ಗುರುತನ್ನು, ಗೋಲದೊಳಗೊಂದು ತ್ರಿಶೂಲವನ್ನು, ಕರೀ ಬಣ್ಣದಲ್ಲಿ ಅಂಗಿಗಳ ಮೇಲೆ ಒತ್ತಿದರು. ಹೊಸ ಅಂಗಿಗಳು! ಅತ್ತಿ ಓಡಿ ಬಂದಳು.

"ಏನ್ರೀ ಇದು, ಮಕ್ಕಳೇನ್ ಜ್ವಾಳದ ಚೀಲಾ?"

"ಚೀಲಕ್ಕ ಕಾಲಿಲ್ಲ, ಆದ್ರೂ ಮಾರ್ಕಾ ಹಾಕತೀವಿ. ಇವಕ್ಕ ಕಾಲ್ ಬ್ಯಾರೆ ಅವ" ಎಂದರು ಮಾಮಾ. ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ತಿಳಿಸಿರಿ. ಅತ್ತಿ ರೊಟ್ಟಿಯ ಬುತ್ತಿ ಕಟ್ಟಲು ಒಳಗೆ ಹೋದಳು.

ರಾತ್ರಿಯ ರೈಲು ಬೀದರ, ವಿಕಾರಾಬಾದು ದಾಟಿ ಮುಂಜಾನೆ ನಮ್ಮನ್ನು ಹೈದರಾಬಾದಿಗೆ ಮುಟ್ಟಿಸಿತು. ಮಾಮಾರ ಸ್ನಾನ, ಲಿಂಗಪೂಜೆ, ಎಲ್ಲರ ರೊಟ್ಟಿ ಬುತ್ತಿ ಮುಗಿದು ನುಮಾಯಿಶಿಯ ಬಾಗಿಲಿಗೆ ಬಂದಾಗ ಇಳಿಹೊತ್ತಿಗೆ ಇನ್ನೂ ಬಹಳ ಸಮಯವಿತ್ತು. ಬಾಗಿಲು ದಾಟಿದೊಡನೆ ಎದುರಿಗೇ ನಿಂತಿತ್ತು, ಕ್ಯಾಲೆಂಡರಿನ ಆ ಆಟ. ಬಾಜಾ ನುಡಿಯುತ್ತಿತ್ತು; ಕುದುರೆಗಳು ಮೇಲೆ ಕೆಳಗೆ ಆಡುತ್ತ ಸುತ್ತುತ್ತಿದ್ದವು. ಜನ ಇನ್ನೂ ಬಂದಿರಲಿಲ್ಲ. ಅರ್ಧ ಕುದುರೆಗಳು ಖಾಲಿ.

"ಅಜ್ಜಾ, ಆ ಬಿಳೀದು ನಂದು" ಎಂದಳು ಕಸ್ತೂರಿ. ಒಂದು ಕಿವಿ ಮುರಿದ ಬಿಳಿ ಕುದುರೆ ಅದು.

"ಅದಾ ಯಾಕವ್ವಾ? ಕಿವೀನೆ ಇಲ್ಲ."

"ಅದರ ಮ್ಯಾಲ ಯಾರೂ ಕುಂದ್ರವಲ್ರು, ಪಾಪ."

ಈಗ ನೆನೆದರೆ ಅನ್ನಿಸುತ್ತದೆ, ಆ ಕ್ಷಣದಲ್ಲಿ ಯಾವನಾದರೂ ಹಮಾಲ ಬಂದು ಮಾಮಾರನ್ನು ಎತ್ತಿ ಹೊರಗೆ ಹಾಕಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಅಲ್ಲಿ ಹಮಾಲರಿರಲಿಲ್ಲ. ಮಾಮಾ ಬಗ್ಗಿ, ಗುಟ್ಟಿನ ದನಿಯಲ್ಲಿ, "ನೋಡಿದ್ಯಲ್ಲ? ಚಲೋ ಮಾಲು. ಮುಖದ ಮ್ಯಾಲ ತೋರಸಬ್ಯಾಡ. ಎರಡನೇ ಸುತ್ತಿನ್ಯಾಗ ಬರೂಣು, ಮುಂದ ನಡಿ" ಎಂದರು.

"ಮಾಮಾ, ಒಂದ್ಸಲ ಕುಂಡ್ರಸ್ರಿ, ಖಾಲಿ ಅದರೀ" ಎಂದೆ ನಾನು.

"ಮಾಸ್ತರ, ನೋಡಿಟ್ಟ ಮಾಲು ಎಲ್ಲಿಗೂ ಹೋಗಂಗಿಲ್ಲ."

ಅಲ್ಲಿಂದ ನಮ್ಮ ಮೆರವಣಿಗೆ ಹೊರಟಿತು. ಮುಖದ ಮೇಲೆ ತೋರಿಸಕೂಡದೆಂದು ಅಪ್ಪಣೆಯಾದ ಕಾರಣ ನಾಲ್ಕು ಮಕ್ಕಳೂ ತುಟಿ ಬಿಗಿದುಕೊಂಡು, ಯಾರೋ ಸತ್ತ ಮನೆಗೆ ಮಾತಾಡಿಸಲು ಹೊರಟವರಂತೆ ನಡೆದರು. ಆಕಾಶದೆತ್ತರದ ತೊಟ್ಟಿಲು ಬಂತು, ಮುಖ ಬಿಗಿ. ಮರದ ಬಾವಿಯ ಗೋಡೆಯ ಮೇಲೆ ಫಟಫಟಿ ಓಡಿಸುವವನ ಸದ್ದು ಬಂತು, ಮುಖ ಇನ್ನೂ ಬಿಗಿ. ಸಕ್ಕರೆಯನ್ನು ಹತ್ತಿಯಂತೆ ಹಿಂಜಿ ಕಡ್ಡಿಗೆ ಸುತ್ತಿ ಕೊಡುವವನ ಮುಂದೆ ನನ್ನ ಕಿರಿಯವನ ಬಾಯಿಂದ ಜೊಲ್ಲು ಸುರಿಯಿತು. ಆದರೆ ಮುಖ ಮಾತ್ರ ಸಾವಕಾರನದು.

ಒಂದು ಡೇರೆಯ ಹೊರಗೆ ದೇಹವಿಲ್ಲದೆ ತಲೆ ಮಾತ್ರ ಇರುವ ಹೆಂಗಸಿನ ಚಿತ್ರ ಬಿಡಿಸಿತ್ತು. ಒಳಗೆ ಆ ತಲೆ ಮಾತಾಡುತ್ತದೆ ಎಂದು ಬಾಗಿಲಲ್ಲಿದ್ದವನು ಕೂಗುತ್ತಿದ್ದ. ಮಾಮಾ ಸ್ವಲ್ಪ ಹೊತ್ತು ಚಿತ್ರ ನೋಡಿ ಅವನನ್ನು ಕೇಳಿದರು: "ಹೊಟ್ಟೀನೇ ಇಲ್ಲದಾಕಿಗಿ ಟಿಕೀಟಿನ ರೊಕ್ಕ ಯಾತಕ್ಕ ಬೇಕು?" ಅವನಿಗೆ ಕನ್ನಡ ತಿಳಿಯಲಿಲ್ಲ. ಒಳ್ಳೆಯದೇ ಆಯಿತು.

ತೊಟ್ಟಿಲಿನ ಟಿಕೀಟು ಮಾರುವವನ ಹತ್ತಿರ ಮಾಮಾ ಭಾವ ವಿಚಾರಿಸಲು ನಿಂತರು. ದರ ಬೋರ್ಡಿನ ಮೇಲೆ ಬರೆದಿತ್ತು. ಆದರೆ ಬರೆದ ದರವನ್ನು ನಂಬುವುದು ಗಿರಾಕಿಯ ಲಕ್ಷಣವಲ್ಲವೇ? ಮಾಮಾ ಕಿಂಡಿಯೊಳಗೆ ಕೈ ಹಾಕಿ, ಅದರ ಮೇಲೆ ಶಲ್ಯ ಎಳೆದು, ಅವನ ಬೆರಳು ಹಿಡಿದರು. ಅವನು "ಅರೇ ಚಚಾ, ಹಾತ್ ಛೋಡೋ" ಎಂದ. ಮಾಮಾ ಇನ್ನೊಂದು ಬೆರಳು ಹಿಡಿದರು. ಅವನು ಕಿರುಚಿ ಕೈ ಎಳೆದುಕೊಂಡ. ಮಾಮಾ ನನ್ನ ಕಡೆ ತಿರುಗಿ ತೃಪ್ತಿಯಿಂದ ಹೇಳಿದರು: "ಎಳಕೊಂಡ. ಅಂದ್ರ ಇನ್ನಾ ಇಳಿಸ್ತಾನ. ಎರಡನೇ ಸುತ್ತಿನ್ಯಾಗ ನೋಡೂಣು."

ಇಷ್ಟರಲ್ಲಿ ನನ್ನ ಹಿರಿಯ ಮಗ ಚನ್ನೂ ಕಾಣೆಯಾದ. ಆ ಡೇರೆಗಳ ಕಾಡಿನಲ್ಲಿ ಎಲ್ಲಿ ಹುಡುಕುವುದು? "ಮಾರ್ಕಾ ಅದಲ್ಲ, ಬರ್ತಾನ" ಎಂದು ಮಾಮಾ ತಂಬಾಕು ತಿಕ್ಕುತ್ತ ನಿಂತರು. ನಾನು ಹುಚ್ಚನಂತೆ ಡೇರೆಯಿಂದ ಡೇರೆಗೆ ಓಡಿ, ಕಡೆಗೆ ಸರಕಾರದ ಒಕ್ಕಲುತನದ ಪ್ರದರ್ಶನಕ್ಕೆ ನುಗ್ಗಿದೆ. ಅಲ್ಲಿ ನಮೂನೆಗೆಂದು ಜೋಡಿಸಿಟ್ಟ ಧಾನ್ಯದ ಚೀಲಗಳ ಸಾಲಿನಲ್ಲಿ, ಎರಡು ಚೀಲಗಳ ನಡುವೆ, ಕಾಲು ಚಾಚಿ ಕೂತಿದ್ದ ಚನ್ನೂ. ಬೆನ್ನ ಮೇಲಿನ ಗುರುತು ನೋಡಿ ಯಾವನೋ ಕಾವಲಿನವನು ಇವನನ್ನು ಮಾಲಿನ ಜೊತೆ ಇಟ್ಟಿದ್ದ!

"ನೋಡಿದ್ರೇನು ಮಾಸ್ತರ?" ಎಂದು ಹಿಂದಿನಿಂದ ಬಂದ ಮಾಮಾರ ಮುಖದ ಮೇಲೆ ಆ ದಿನ ಮೊದಲ ಬಾರಿಗೆ ಸಂತೋಷ ಕಾಣಿಸಿತು. ನಮ್ಮ ದುರ್ದೈವ ಅಲ್ಲಿಯೇ ಕಾದಿತ್ತು. ಚನ್ನೂನ ಎಡಕ್ಕಿದ್ದ ಚೀಲದ ಮೇಲೆ "ಅವ್ವಲ್ ದರ್ಜೆ ಜೋಳ" ಎಂದು ಬರೆದಿತ್ತು. ಮಾಮಾ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದರು. ಮುಖ ಕಪ್ಪಿಟ್ಟಿತು.

"ಯಾರ್ರೀ ಇದನ್ನ ಅವ್ವಲ್ ಅಂದಂವಾ?"

ಒಬ್ಬ ಅಧಿಕಾರಿ ಬಂದ. ಮಾಮಾರಂತೆ ಅವನಿಗೂ ಮರಾಠಿ ಬರುತ್ತಿತ್ತು, ಅದೇ ತಪ್ಪಾಯಿತು. ಮಾಮಾ ಅವನಿಗೆ ಜೋಳದ ಹುಟ್ಟು, ಬಣ್ಣ, ಹುಳ, ತೇವ, ಎಲ್ಲವನ್ನೂ ತಿಳಿಸಿದರು. ಅವನೂ ಹಟಮಾರಿ, ಪುಸ್ತಕ ತೆರೆದು ತೋರಿಸಿದ. ಮಾಮಾ ತೊಗರಿಗೆ ಹೋದರು. ತೊಗರಿಯಿಂದ ಕುಸುಬೆಗೆ ಹೋದರು. ಮಕ್ಕಳು ಚೀಲಗಳ ಮೇಲೆ ತೂಕಡಿಸಿದರು. ಕಸ್ತೂರಿ ಮಾತ್ರ ನಿದ್ದೆ ಮಾಡಲಿಲ್ಲ. ಅಜ್ಜನ ಧೋತರದ ಚುಂಗು ಹಿಡಿದುಕೊಂಡು, ಇದೂ ಮೊದಲನೆಯ ಸುತ್ತಿನ ಕಟ್ಟಳೆಯೇ ಇರಬೇಕೆಂದು ಮುಖ ಬಿಗಿದುಕೊಂಡೇ ನಿಂತಿದ್ದಳು.

ಹೊರಗೆ ಬಂದಾಗ ದೀಪಗಳು ಹೊತ್ತಿದ್ದವು. ನುಮಾಯಿಶಿ ಹೈದರಾಬಾದಿನ ಅಷ್ಟೂ ಮಂದಿಯಿಂದ ತುಂಬಿತ್ತು. ಮಾಮಾ ಉಳಿದ ಅರ್ಧ ನುಮಾಯಿಶಿಯನ್ನೂ ಬಿಡದೆ ತೋರಿಸಿ, ಮೊದಲನೆಯ ಸುತ್ತನ್ನು ವಿಧಿವತ್ತಾಗಿ ಮುಗಿಸಿ, ಬಾಗಿಲ ಬಳಿಯ ಕುದುರೆಗಳ ಮುಂದೆ ನಿಂತು, ಶಲ್ಯ ಕೊಡವಿ, "ಹೂಂ, ಇನ್ನ ಎರಡನೇದು" ಎಂದರು.

ಟಿಕೀಟಿನ ಸಾಲು ಬಾಗಿಲು ದಾಟಿ ರಸ್ತೆಗೆ ಹೋಗಿತ್ತು. ಎಲ್ಲ ಕುದುರೆಗಳ ಮೇಲೂ ಮಕ್ಕಳಿದ್ದವು. ಮುರುಕು ಕಿವಿಯ ಬಿಳಿ ಕುದುರೆಯ ಮೇಲೂ ಯಾರೋ ಹುಡುಗ ಕೂತು ನಗುತ್ತಿದ್ದ. ನಾನು ಗಡಿಯಾರ ನೋಡಿದೆ. ಗಾಡಿಯ ಹೊತ್ತಾಗಿತ್ತು. ಮರುದಿನ ಮೊಂಢಾದ ದಿನ. ರೈತರ ಬಂಡಿಗಳು ಆಗಲೇ ಉದಗೀರದ ದಾರಿಯಲ್ಲಿದ್ದವು. ಮಾಮಾ ಬರದಿದ್ದರೆ ಅವರ ರಾಶಿ ಎತ್ತುವವರಿಲ್ಲ.

ಮಾಮಾ ಸಾಲನ್ನು ನೋಡಿದರು, ನನ್ನ ಗಡಿಯಾರವನ್ನು ನೋಡಿದರು. ಕಸ್ತೂರಿಯನ್ನು ಮಾತ್ರ ನೋಡಲಿಲ್ಲ.

ಅವಳು ಅಳಲಿಲ್ಲ. ಅತ್ತುಬಿಟ್ಟಿದ್ದರೆ ಬತ್ತಾಸು ಕೊಡಿಸಬಹುದಿತ್ತು. ರೈಲಿನಲ್ಲಿ ಉಳಿದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಮಲಗಿದಾಗ ಮಾಮಾ ತೊಡೆಯ ಮೇಲೆ ಶಲ್ಯ ಹಾಸಿದರು. "ಕಸ್ತೂರವ್ವಾ, ಬಾ. ಮುಂದಿನ ವರ್ಷ ಬರೂಣು. ಅದಾ ಕುದುರಿ. ಸವದಾ?"

ಅವಳು ಶಲ್ಯದ ಕೆಳಗೆ ಕೈ ಹಾಕಿದಳು. ಹಾಕಿದೊಡನೆಯೇ ಹೊರಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

ಆರು ವರ್ಷದ ಹುಡುಗಿಗೆ ಮೊಂಢಾದ ಕಾಯಿದೆ ಅಷ್ಟು ಸ್ಪಷ್ಟವಾಗಿ ಯಾರು ಕಲಿಸಿದ್ದರು? ಮಾಮಾರೇ. ಬೀದರ ಬರುವವರೆಗೂ ಅವರು ಆ ಶಲ್ಯವನ್ನು ತೊಡೆಯ ಮೇಲಿಂದ ತೆಗೆಯಲಿಲ್ಲ. ಅದರ ಕೆಳಗೆ ಅವರದೊಂದೇ ಕೈ ಇತ್ತು.

ಮುಂದಿನ ವರ್ಷ ಅತ್ತಿ ಹಾಸಿಗೆ ಹಿಡಿದಳು. ಅದರ ಮುಂದಿನ ವರ್ಷ ಮತ್ತೇನೋ. ನಾಳೆ ನಾಡಿದ್ದು ಎನ್ನುವಷ್ಟರಲ್ಲಿ ದಿಲ್ಲಿಯವರು ನಕಾಶೆ ಬಿಚ್ಚಿ ಕೂತು ರಾಜ್ಯಗಳನ್ನು ಹೊಸದಾಗಿ ಪಾಲು ಮಾಡಿದರು. ನಾವು ಮುಂಬಯಿಗೆ ಸೇರಿದೆವು. ಹೈದರಾಬಾದು ಅತ್ತ ಆಂಧ್ರಕ್ಕೆ ಹೋಯಿತು. ರೈಲೇನೂ ನಿಲ್ಲಲಿಲ್ಲ, ಖರೆ. ಆದರೆ ನಮ್ಮ ಕೋರ್ಟು ಕಚೇರಿ, ಮಾಲಿನ ದಾರಿ, ಎಲ್ಲವೂ ಆ ಕಡೆಗೆ ಬೆನ್ನು ಮಾಡಿದವು. ಒಂದು ದಿನ ನಾನು ಚೇಷ್ಟೆಗೆ, "ಮಾಮಾ, ನೋಡಿಟ್ಟ ಮಾಲು ಏನಾತ್ರೀ?" ಎಂದೆ. ಅವರು ಹೇಳಿದರು: "ಮಾಲು ಅಲ್ಲೇ ಅದ, ಮಾಸ್ತರ. ಪ್ಯಾಟಿನೇ ಸರದು ಹೋಯ್ತು."

ಇನ್ನೂ ಕೆಲವು ವರ್ಷ ಹೋದವು. ಮುಂಬಯಿ ರಾಜ್ಯವನ್ನೂ ಒಡೆದು ಮಹಾರಾಷ್ಟ್ರ ಮಾಡುತ್ತಾರೆಂಬ ಮಾತು ಮೊಂಢಾದಲ್ಲಿ ಎದ್ದಿತ್ತು. ಕಸ್ತೂರಿ ಸೀರೆ ಉಡುತ್ತಿದ್ದಳು. ಗುಂಜೋಟಿಯ ಕಿರಾಣಿ ಸಾವಕಾರರ ಮನೆಗೆ ಕೊಡುವುದೆಂದು ನಿಶ್ಚಯವಾಗಿತ್ತು. ಲಗ್ನದ ಜವಳಿಗೆಂದು ನಾನು ಉದಗೀರಕ್ಕೆ ಬಂದು ಮಾಮಾರ ಅಂಗಡಿಯಲ್ಲಿ ಕೂತಿದ್ದೆ. ಹೊರಗೆ ತೊಗರಿಯ ರಾಶಿ. ಮಾಮಾ ಲಾತೂರಿನ ವ್ಯಾಪಾರಿಯ ಕೈ ಹಿಡಿದು ಶಲ್ಯದ ಕೆಳಗೆ ಮಾತಾಡುತ್ತಿದ್ದರು. ಆಗ ದಾರಿಯಲ್ಲಿ ಹೋಗುತ್ತಿದ್ದ ಹಮಾಲನೊಬ್ಬ ಇನ್ನೊಬ್ಬನಿಗೆ, ಕಿಲ್ಲೆಯ ಬಯಲಿನಲ್ಲಿ ಕಟ್ಟಿಗೆಯ ಕುದುರೆ ತಿರುಗಿಸುವವನು ಬಂದಿದ್ದಾನೆ ಎಂದು ಹೇಳಿದ.

ಮಾಮಾ ಕೈ ಎಳೆದುಕೊಂಡರು. ಇಡೀ ಮೊಂಢಾ ತಿರುಗಿ ನೋಡಿತು.

"ಸಾವಕಾರ, ಭಾವ ಕಡಿಮಿ ಆಯ್ತೇನ್ರೀ?" ಎಂದ ಲಾತೂರಿನವನು ಗಾಬರಿಯಾಗಿ.

"ಭಾವ ಬರೋಬರಿ ಅದ. ಹೊತ್ತು ಕಡಿಮಿ ಅದ" ಎಂದು ಮಾಮಾ ಚಪ್ಪಲಿ ಮೆಟ್ಟಿ ಮನೆಗೆ ನಡೆದರು. ಕುಟ್ಟುತ್ತಿದ್ದ ಕಸ್ತೂರಿಯ ಕೈಯಿಂದ ಒನಕೆ ಬಿಡಿಸಿ, ಇದ್ದ ಸೀರೆಯಲ್ಲೇ ಕರೆದುಕೊಂಡು ಹೊರಟರು. ನಾನು ಬೆನ್ನು ಹತ್ತಿದೆ.

ಬಯಲಿನಲ್ಲಿ ಬಳೆಯವರಿದ್ದರು, ಬೆಂಡು ಬತ್ತಾಸಿನವರಿದ್ದರು, ಕೋತಿ ಆಡಿಸುವವನಿದ್ದ. ಮಾಮಾ ಯಾವ ಕಡೆಗೂ ನೋಡಲಿಲ್ಲ. ನೆಟ್ಟಗೆ ಕುದುರೆಯವನ ಹತ್ತಿರ ಹೋಗಿ, ಭಾವ ಕೇಳದೆ, ಕೈಗೆ ಬಂದಷ್ಟು ರೊಕ್ಕ ಕೊಟ್ಟರು. ಅವರ ಜೀವಮಾನದಲ್ಲಿ ಮೊದಲನೆಯ ರಾಶಿಗೇ ಕೈ ಹಾಕಿದ್ದು ಅದೊಂದೇ ಸಲ.

ಹೈದರಾಬಾದಿನ ವೈಭವ ಅಲ್ಲಿ ಎಲ್ಲಿಯದು? ಎರಡು ಅಡ್ಡ ತೊಲೆ, ಅದಕ್ಕೆ ಜೋತುಬಿದ್ದ ನಾಲ್ಕು ಕುದುರೆ, ಕೈಯಿಂದ ದೂಡಿ ತಿರುಗಿಸಬೇಕು. ಮೊಣಕಾಲೆತ್ತರದ ಕುದುರೆಗಳು. ಮಾಮಾ ಒಂದರ ಬೆನ್ನು ತಟ್ಟಿ, "ಕುಂದ್ರು" ಎಂದರು.

ಕಸ್ತೂರಿ ಕುದುರೆಯನ್ನು ನೋಡಿದಳು. "ಅಜ್ಜಾ, ನನ್ನ ಕಾಲು ನೆಲಕ್ಕ ತಾಗತಾವ" ಎಂದಳು ಮೆಲ್ಲಗೆ.

ಮಾಮಾ ಅವಳನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಮನೆಯಲ್ಲಿ ದಿನಾ ಕಣ್ಣೆದುರು ತಿರುಗಾಡುವ ಹುಡುಗಿ ಇಷ್ಟೆತ್ತರವಾದದ್ದು ಅವರಿಗೆ ಅಲ್ಲಿಯೇ ತಿಳಿದಂತಿತ್ತು. ಕುದುರೆಯವನು ತೊಲೆಗೆ ಕೈ ಹಚ್ಚಿ ನಿಂತಿದ್ದ.

"ತಿರಗಸಪ್ಪಾ" ಎಂದರು ಮಾಮಾ. "ಅದು ಖಾಲೀನೇ ತಿರಗಲಿ."

ಉಳಿದ ಮೂರರ ಮೇಲೆ ಊರ ಮಕ್ಕಳು ಹತ್ತಿದರು. ಕೂಸನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸೊಬ್ಬಳು, "ಕಾಕಾ, ಖಾಲಿ ಅದಲ್ಲ, ನಮ್ಮ ಹುಡುಗನ್ನ ಕುಂಡ್ರಸಲಾ?" ಎಂದಳು.

"ಇಲ್ಲವ್ವಾ" ಎಂದರು ಮಾಮಾ. "ಅದು ಮಾರಾಟ ಆಗ್ಯದ."

ಮೂರು ಮಕ್ಕಳು, ಒಂದು ಖಾಲಿ ಕುದುರೆ, ಆಟ ಸುತ್ತಿತು. ಮಾಮಾ ಅದನ್ನು ಜೋಳದ ರಾಶಿ ನೋಡುವಂತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆದರೆ ಮುಖ ಕೈಕೊಡುತ್ತಿತ್ತು. ಅದರ ಮೇಲೆ ಎಲ್ಲವೂ ಕಾಣುತ್ತಿತ್ತು.

ಕುದುರೆಗಳು ನಿಂತವು. ಕಸ್ತೂರಿ ಅಜ್ಜನ ಪಕ್ಕಕ್ಕೆ ಬಂದಳು.

"ಇದು ಮೊದಲನೇ ಸುತ್ತು ಆಯ್ತು ನೋಡಜ್ಜಾ" ಎಂದಳು. "ಇನ್ನ ಎರಡನೇದು."

ಆಮೇಲೆ ಅವಳೇ ಕೈ ಎತ್ತಿ ಅಜ್ಜನ ಹೆಗಲ ಮೇಲಿನ ಶಲ್ಯ ಎಳೆದು, ಅವರ ಕೈಯ ಮೇಲೂ ತನ್ನ ಕೈಯ ಮೇಲೂ ಹೊದಿಸಿದಳು. ಮಾಮಾರಿಗೆ ಇನ್ನೊಬ್ಬರು ಶಲ್ಯ ಹಾಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕುದುರೆಯವನು ಮತ್ತೆ ದೂಡಿದ. ಖಾಲಿ ಕುದುರೆ ನಮ್ಮ ಮುಂದೆ ಬಂತು, ಹೋಯಿತು, ಮತ್ತೆ ಬಂತು.

ಶಲ್ಯದ ಕೆಳಗಿನ ಮಾತು ಮೂರನೆಯವನಿಗೆ ತಿಳಿಯಬಾರದು; ನಾನು ಕೇಳಲಿಲ್ಲ. ಒಪ್ಪದ ಕೈ ಕೂಡಲೇ ಹೊರಗೆ ಬರುತ್ತದೆ ಎಂಬುದಷ್ಟೇ ನನಗೆ ಗೊತ್ತು. ನಾನು ನೋಡುತ್ತಲೇ ಇದ್ದೆ. ಆಟ ನಿಂತಿತು, ಮಕ್ಕಳು ಇಳಿದು ಓಡಿದರು, ಕುದುರೆಯವನು ಬೀಡಿ ಹಚ್ಚಿಕೊಂಡ. ಅವಳ ಕೈ ಹೊರಗೆ ಬರಲಿಲ್ಲ.